ಮರಿ ಆಮೇಲೆ ನೋಡೋಣ, ಮೊದಲು ತಾಯಿ ತೋರಿಸಿ

ನಾಲ್ಕು ವರ್ಷದ ಹಿಂದಿನ ಮಾತು. ಮಗಳ ಹಟಕ್ಕೆ ಮಣಿದು, ಆನ್‌ಲೈನ್ ಜಾಹೀರಾತು ನೋಡಿ ಒಂದು ಲ್ಯಾಬ್ರಡಾರ್ ಮರಿ ತಂದೆವು. ಮಾರುವವನು ಮನೆಗೆ ಕರೆಯಲಿಲ್ಲ. "ನಿಮಗ್ಯಾಕೆ ಸರ್ ತೊಂದರೆ, ಹೆಬ್ಬಾಳದ ಹತ್ರ ಪೆಟ್ರೋಲ್ ಬಂಕ್‌ಗೆ ಬನ್ನಿ, ಅಲ್ಲೇ ಕೊಡ್ತೀನಿ" ಅಂದ. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ, ನೋಡಿ! ಮಾವಿನಹಣ್ಣಿನ ಡಬ್ಬದಲ್ಲಿ ಮರಿ, ಜೊತೆಗೊಂದು ಲಸಿಕೆ ಕಾರ್ಡು. "45 ದಿನದ ಮರಿ ಸರ್, ಫುಲ್ ಆಕ್ಟಿವ್."

ಮೂರನೇ ದಿನ ಊಟ ಬಿಟ್ಟಿತು. ವಾಂತಿ, ಆಮೇಲೆ ರಕ್ತಭೇದಿ. ಪಾರ್ವೋ ಅನ್ನೋ ವೈರಸ್ ರೋಗ. ಡ್ರಿಪ್ ಹಾಕಿಸಿದರೂ ಆರನೇ ದಿನ ಹೋಯಿತು. ಡಾಕ್ಟರು ಆ ಕಾರ್ಡು ನೋಡಿ ನನ್ನ ಮುಂದೆ ಹಿಡಿದರು. ಲಸಿಕೆ ಸೀಸೆಯಿಂದ ಕಿತ್ತು ಅಂಟಿಸುವ ಸ್ಟಿಕ್ಕರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ವೈದ್ಯರ ಸಹಿ ಇಲ್ಲ. ಪೆನ್ನಲ್ಲಿ ಬರೆದ ಒಂದು ತಾರೀಖು, ಅಷ್ಟೇ. ಪಾರ್ವೋ ಅಂಟಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕಂತೆ. ಡಬ್ಬದಲ್ಲಿ ಬರುವಾಗಲೇ ರೋಗವನ್ನೂ ತಂದಿತ್ತು ಅನ್ನಿಸುತ್ತದೆ. ಮಾರಿದವನ ಫೋನು ಸ್ವಿಚ್ ಆಫ್.

ಈ "45 ದಿನ" ಅನ್ನೋದು ನಮ್ಮಲ್ಲಿ ಮಂತ್ರದಂತಾಗಿದೆ. 2017ರ ಕೇಂದ್ರದ ನಿಯಮದ ಪ್ರಕಾರ ಎಂಟು ವಾರ, ಅಂದರೆ 56 ದಿನ ತುಂಬದ ಮರಿ ಮಾರುವಂತಿಲ್ಲ. ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಹೆಣ್ಣು ನಾಯಿಗೆ ಜೀವಮಾನದಲ್ಲಿ ಐದು ಸೂಲಿಗಿಂತ ಜಾಸ್ತಿ ಇಲ್ಲ. ಇದನ್ನು ಕೇಳಿದರೆ ಮಾರುವವರಲ್ಲಿ ತುಂಬಾ ಜನ "ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಇದೆ ಸರ್" ಅಂತಾರೆ. ಆ ಪೇಪರ್ ಅಪ್ಪ ಅಮ್ಮ ಯಾರು ಅಂತ ಹೇಳುತ್ತೆ, ಮರಿ ಆರೋಗ್ಯವಾಗಿದೆ ಅಂತಲ್ಲ.

(ಬೀದಿ ಮರಿ ಸಾಕಬಹುದಲ್ವಾ ಅಂತ ಕೇಳುವವರಿಗೆ: ಖಂಡಿತ ಸಾಕಿ. ಇದು ದುಡ್ಡು ಕೊಟ್ಟೇ ತರುತ್ತೇನೆ ಅನ್ನುವವರಿಗೆ.)

ಎರಡನೇ ಸಲ ಮುಧೋಳ ನಾಯಿ ತರೋಣ ಅಂತ ಬಾಗಲಕೋಟೆ ಕಡೆ ಹೋಗಿದ್ದೆ. ಮನೆಯಲ್ಲೇ ನಾಯಿ ಸಾಕಿ ಮರಿ ಮಾರುವ ಅಜ್ಜ ಒಬ್ಬರು ನನ್ನನ್ನೇ ವಿಚಾರಿಸಿದರು. "ಓಡಾಕ ಬಯಲ ಐತೇನ್ರೀ?" ಬೆಂಗಳೂರಲ್ಲಿ ಮೂರನೇ ಮಹಡಿಯ ಫ್ಲಾಟು ಅಂದೆ. "ಹಂಗಾದ್ರ ಬ್ಯಾಡ್ರೀ" ಅಂದು ಚಹಾ ಕೊಟ್ಟು ಕಳಿಸಿದರು. ಅಷ್ಟು ದೂರ ಹೋಗಿ ಬರಿಗೈಲಿ ಬಂದಿದ್ದಕ್ಕೆ ಆವತ್ತು ಸಿಟ್ಟು ಬಂದಿತ್ತು. ಬೇಟೆಗೆ ಓಡುವ ತಳಿ, ಬಾಲ್ಕನಿಯಲ್ಲಿ ಏನು ಮಾಡೀತು?

ಕೊನೆಗೆ ಮೈಸೂರಿನ ಒಬ್ಬ ಮೇಡಂ ಹತ್ತಿರ ಮತ್ತೆ ಲ್ಯಾಬ್ರಡಾರ್‌ಗೇ ಹೇಳಿಟ್ಟು, ಏಳು ತಿಂಗಳು ಕಾದೆವು. ತಾಯಿ ಎದುರಿಗೇ ಇತ್ತು. ಮೊಲೆ ಜೋತುಬಿದ್ದು, ಕೂದಲು ಉದುರಿ ಸೊರಗಿತ್ತು. ಒಂದು ಹಿಂಡು ಮರಿಗೆ ಹಾಲೂಡಿಸಿದ ನಾಯಿ ಇರೋದೇ ಹಾಗೆ. ಮೈ ಮಿರಮಿರ ಮಿಂಚುವ, ಹೊಟ್ಟೆ ಬಿಗಿಯಾಗಿರುವ ನಾಯಿಯನ್ನು ತಂದು "ಇದೇ ತಾಯಿ" ಅಂದರೆ ನಂಬಬೇಡಿ. ಮೇಡಂ ತಾಯಿಯ ಸೊಂಟದ ಎಕ್ಸ್‌ರೇಯನ್ನೂ ನಾವು ಕೇಳುವ ಮೊದಲೇ ತೋರಿಸಿದರು. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ, ಅದು ಮರಿಗಳಿಗೂ ಬರಬಹುದು. "ಸಾಕೋಕೆ ಆಗದಿದ್ರೆ ನನಗೇ ವಾಪಸ್ ಕೊಡಿ, ಬೇರೆ ಯಾರಿಗೂ ಕೊಡ್ಬೇಡಿ" ಅಂತ ಬರೆಸಿಕೊಂಡರು.

ಈಗಲೂ ತಿಂಗಳಿಗೊಮ್ಮೆ ಅವರ ಫೋನು ಬರುತ್ತದೆ. ನನ್ನ ಆರೋಗ್ಯ ಕೇಳುವುದಿಲ್ಲ. ಮೊದಲ ಪ್ರಶ್ನೆಯೇ, "ತೂಕ ಎಷ್ಟಾಯ್ತು? ಜಾಸ್ತಿ ತಿನ್ನಿಸ್ತಿಲ್ಲ ತಾನೇ?"