ಕಬ್ಬಿನ ಗದ್ದೆಯ ಚಿರತೆ ಜನರಿಗೆ ಅಪಾಯವೇ?

ಪರ: ಹೌದು, ಅಪಾಯವೇ

ತಿ. ನರಸೀಪುರದ ಕಡೆಯವರನ್ನು ಕೇಳಿ ನೋಡಿ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಇಬ್ಬರು ಕಾಲೇಜು ಓದುತ್ತಿದ್ದವರು, ಒಬ್ಬರು ಅಜ್ಜಿ, ಒಬ್ಬ ಪುಟ್ಟ ಹುಡುಗ. ಯಾರೂ ಚಿರತೆಯನ್ನು ಕೆಣಕಲು ಹೋದವರಲ್ಲ.

ಆ ಕಡೆ ಗದ್ದೆಗಳಲ್ಲಿ ಕಬ್ಬು ಆಳೆತ್ತರ ಮೀರಿ ನಿಂತಿರುತ್ತದೆ. ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಬರುವುದೇ ರಾತ್ರಿ. ಮೋಟಾರ್ ಹಾಕಿ, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಗುದ್ದಲಿ ಹಿಡಿದು, ಬಗ್ಗಿ ನೀರು ತಿರುಗಿಸಬೇಕು. ತರಗು ಸರಕ್ ಎಂದರೆ ಗಾಳಿಯೋ ಚಿರತೆಯೋ ಗೊತ್ತಾಗುವುದಿಲ್ಲ. ಬಗ್ಗಿದ ಮನುಷ್ಯ ಚಿರತೆಗೆ ಕುರಿಯಷ್ಟೇ ಎತ್ತರ.

ಮನುಷ್ಯರನ್ನು ಕಂಡರೆ ಅದೇ ಓಡಿಹೋಗುತ್ತದೆ ಅಂತಾರೆ. ಬಹಳಷ್ಟು ಸಲ ಓಡುತ್ತದೆ, ನಿಜ. ಓಡದ ಒಂದು ಸಲಕ್ಕೆ ಸಿಕ್ಕವರ ಮನೆಯಲ್ಲಿ ಆ ಮಾತು ಹೇಳೋಕಾಗುತ್ತಾ? ಬೋನು ಇಡಿ ಎಂದು ಜನ ರಸ್ತೆಗಿಳಿದರೆ ತಪ್ಪು ಎನ್ನಲಾರೆ.

ವಿರೋಧ: ಚಿರತೆ ಇದ್ದ ಮಾತ್ರಕ್ಕೆ ಅಪಾಯವಿಲ್ಲ

ಅದೇ ಕಬ್ಬಿನ ಗದ್ದೆಗೆ ಕಟಾವಿನ ಹೊತ್ತಿಗೆ ಬನ್ನಿ. ಮಂಡ್ಯ, ಮೈಸೂರು ಸೀಮೆಯಲ್ಲಿ ಕಬ್ಬು ಕಡಿಯುವವರ ಕಣ್ಣಿಗೆ ಬೆಕ್ಕಿನ ಗಾತ್ರದ ಚಿರತೆ ಮರಿಗಳು ಬೀಳುವುದುಂಟು. ಅಂದರೆ ತಾಯಿ ಅಲ್ಲೇ ಹೆತ್ತು ಹಾಲೂಡಿಸಿದೆ. ಅಷ್ಟೂ ದಿನ ಜನ ಅಲ್ಲೇ ಓಡಾಡಿದ್ದಾರೆ.

ಮಹಾರಾಷ್ಟ್ರದ ಅಕೋಲೆಯಲ್ಲಿ ಊರುಗಳ ನಡುವಿನ ಹೊಲಗದ್ದೆಗಳಲ್ಲೇ ಚಿರತೆಗಳು ಬಾಳುತ್ತಿವೆ ಎಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಅಧ್ಯಯನ ಮಾಡಿ ತೋರಿಸಿದರು. ಅವುಗಳ ಊಟದಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ನಾಯಿ. ಅದೇ ರಾಜ್ಯದ ಜುನ್ನಾರಿನಲ್ಲಿ 2000ದ ನಂತರ ಚಿರತೆಗಳನ್ನು ಹಿಡಿಹಿಡಿದು ಬೇರೆ ಕಡೆ ಬಿಟ್ಟರು. ದಾಳಿ ಇಳಿಯಲಿಲ್ಲ, ಏರಿತು. ಗುರುತಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿ ಕಂಗಾಲಾಗುತ್ತದೆ, ಅಲ್ವಾ?

ಹಾಗಾಗಿ ಬೋನಿಗಿಂತ ಮೊದಲು ಹಗಲು ಕರೆಂಟ್ ಕೇಳೋಣ. ಊರಂಚಿನಲ್ಲಿ ಕೋಳಿ ಅಂಗಡಿಯ ಕಸ ಸುರಿಯುವುದನ್ನು ನಿಲ್ಲಿಸೋಣ. ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ. ಮನುಷ್ಯರ ಮೇಲೆ ಮತ್ತೆ ಮತ್ತೆ ಬೀಳುವ ಚಿರತೆಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದರ ಮೇಲಿನ ಸಿಟ್ಟನ್ನು ಸುಮ್ನೆ ಎಲ್ಲದರ ಮೇಲೂ ತೀರಿಸುವುದು ಬೇಡ.

ಕಬ್ಬಿನಲ್ಲಿ ಸಿಕ್ಕ ಮರಿಗಳನ್ನು ಅರಣ್ಯ ಇಲಾಖೆಯವರು ಕ್ರೇಟಿನಲ್ಲಿಟ್ಟು ಸಿಕ್ಕ ಜಾಗದಲ್ಲೇ ಬಿಡುವುದುಂಟು. ಜನ ದೂರ ಸರಿಯಬೇಕು, ಅಷ್ಟೇ. ಕತ್ತಲಾದ ಮೇಲೆ ಎಷ್ಟೋ ಸಲ ತಾಯಿ ಬರುತ್ತದೆ. ಮೂಸಿ ನೋಡಿ, ಒಂದೊಂದೇ ಮರಿಯನ್ನು ಕತ್ತಿನಲ್ಲಿ ಕಚ್ಚಿಕೊಂಡು ಹೊರಟುಹೋಗುತ್ತದೆ.