ಡಾಲ್ಫಿನ್ ತೋರಿಸೋ ಬೋಟ್ ನಿಲ್ಲಿಸ್ಬೇಕಾ? ಪರ-ವಿರೋಧ

ಪರ: ಹೌದು, ನಿಲ್ಲಿಸ್ಬೇಕು

ಕಾರವಾರ, ಗೋಕರ್ಣ, ಗೋವಾ ಎಲ್ಲೇ ಹೋಗಿ, ಬೀಚಲ್ಲಿ ಕಾಲಿಡ್ತಿದ್ದ ಹಾಗೆ "ಡಾಲ್ಫಿನ್ ನೋಡ್ತೀರಾ ಸರ್" ಅಂತಾರೆ. ಹತ್ತಿದ್ಮೇಲೆ ದೂರದಲ್ಲಿ ಒಂದು ಬೆನ್ನು ಕಂಡ್ರೆ ಸಾಕು, ಬೋಟ್ ಫುಲ್ ಸ್ಪೀಡಲ್ಲಿ ಆ ಕಡೆ, ಅದನ್ನ ನೋಡಿ ಇನ್ನೊಂದು ಬೋಟು, ಅದರ ಹಿಂದೆ ಮತ್ತೊಂದು, ಪಾಪ ಅದು ಮುಳುಗಿ ಬೇರೆ ಕಡೆ ಎದ್ರೆ ಅಲ್ಲಿಗೂ ಎಲ್ಲರೂ ಹಾಜರ್. ಉಸಿರಾಡೋಕೆ ಮೇಲೆ ಬರಲೇಬೇಕಲ್ವಾ ಅದು?

ನಮ್ಮ ದಡದ ಹತ್ರ ಇರೋದು ಹೆಚ್ಚಾಗಿ ಬೆನ್ನ ಮೇಲೆ ಗೂನಿರೋ ಹಂಪ್‌ಬ್ಯಾಕ್ ಡಾಲ್ಫಿನ್. ಆಳ ಸಮುದ್ರಕ್ಕೆ ಹೋಗಿ ಬದುಕೋ ಜಾತಿ ಅಲ್ಲ ಇದು, ದಡದ ಆಚೀಚೆ ನೀರು, ನದಿ ಸಮುದ್ರ ಸೇರೋ ಅಳಿವೆ ಬಾಯಿ, ಅಲ್ಲೇ ಊಟ ಅಲ್ಲೇ ಮರಿ, ಅಂದ್ರೆ ಬೋಟು ಓಡಾಡೋ ಜಾಗಾನೇ ಅದರ ಮನೆ. ಮೀನು ಹುಡುಕೋದು ಸದ್ದು ಮಾಡಿ ಪ್ರತಿಧ್ವನಿ ಕೇಳಿ, ಇಂಜಿನ್ ಗದ್ದಲದಲ್ಲಿ ಏನು ಕೇಳಿಸುತ್ತೆ? ಹಾಂಗ್‌ಕಾಂಗಲ್ಲಿ 2020ರಲ್ಲಿ ಕೋವಿಡ್‌ನಿಂದ ಮಕಾವ್ ಕಡೆಯ ಸ್ಪೀಡ್ ಫೆರಿ ನಿಂತಾಗ ಆ ದಾರಿಯಲ್ಲಿ ಇದೇ ಹಂಪ್‌ಬ್ಯಾಕ್ ಬಳಗದ ಪಿಂಕ್ ಡಾಲ್ಫಿನ್‌ಗಳು ಮತ್ತೆ ಜಾಸ್ತಿ ಕಾಣಿಸಿಕೊಂಡವು. ಆಸ್ಟ್ರೇಲಿಯಾದ ಶಾರ್ಕ್ ಬೇನಲ್ಲಿ ಟೂರ್ ಕಂಪನಿ ಒಂದಿದ್ದಿದ್ದು ಎರಡಾದಾಗ ಆ ಜಾಗದಲ್ಲಿ ಡಾಲ್ಫಿನ್ ಸುಮಾರು 15% ಕಮ್ಮಿಯಾಯ್ತು ಅಂತ 2006ರ ಅಧ್ಯಯನ ಹೇಳುತ್ತೆ. ಬರೀ ಎರಡು ಕಂಪನಿಗೇ ಹೀಗೆ!

1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರೋ ಮೊದಲನೇ ಶೆಡ್ಯೂಲಲ್ಲೇ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಯಲ್ಲೇ, ಡಾಲ್ಫಿನ್ನೂ ಇದೆ. ಹುಲಿ ಹಿಂದೆ ಹೀಗೆ ಜೀಪ್ ಓಡಿಸೋಕೆ ಬಿಡ್ತೀವಾ?

ವಿರೋಧ: ಬೇಡ, ಓಡಿಸೋ ರೀತಿ ಬದಲಾಗ್ಲಿ

ಮೇಲಿಂದು ಒಂದೂ ಸುಳ್ಳಲ್ಲ, ನಂಗೂ ಓದಿದಾಗ ಸಂಕಟ ಆಗುತ್ತೆ. ಆದ್ರೆ ಡಾಲ್ಫಿನ್ ಸಾಯೋದು ಜಾಸ್ತಿ ಬಲೆಯಲ್ಲಿ, ನೀರಲ್ಲಿ ಪರದೆ ಹಾಗೆ ನಿಲ್ಲಿಸೋ ಕಂತಬಲೆಗೆ ಸಿಕ್ಕಿ ಮೇಲೆ ಬರೋಕಾಗ್ದೆ ಉಸಿರುಕಟ್ಟಿ. ಟೂರ್ ನಿಲ್ಲಿಸಿದ್ರೆ ಟೂರ್ ಓಡಿಸೋ ಆ ನಾಡದೋಣಿ ಅಣ್ಣ ಏನು ಮಾಡ್ತಾನೆ, ಮನೆ ನಡೀಬೇಕಲ್ಲ, ಅದೇ ನೀರಿಗೆ ಅದೇ ಬಲೆ ಬಿಡ್ತಾನೆ. ಇವತ್ತು ಡಾಲ್ಫಿನ್ ಬದುಕಿದ್ರೆ ಅವನಿಗೆ ಸಂಪಾದನೆ, ಈ ಒಂದು ಸಂಬಂಧ ಕಡಿಯೋದು ನಂಗೆ ಸರಿ ಕಾಣಲ್ಲ.

ಶಾರ್ಕ್ ಬೇ ಕಥೆನ ಪೂರ್ತಿ ಹೇಳ್ಬೇಕು. ಅಲ್ಲಿ ಸರ್ಕಾರ ಲೈಸೆನ್ಸ್ ಎರಡರಿಂದ ಒಂದಕ್ಕಿಳಿಸ್ತು, ಪೂರ್ತಿ ಬಂದ್ ಮಾಡ್ಲಿಲ್ಲ. ನ್ಯೂಜಿಲೆಂಡಿನ ಬೇ ಆಫ್ ಐಲ್ಯಾಂಡ್ಸಲ್ಲಿ 2019ರಲ್ಲಿ ಬಾಟಲ್‌ನೋಸ್ ಡಾಲ್ಫಿನ್ ಜೊತೆ ಈಜೋದು ನಿಲ್ಸಿದ್ರು, 2021ರಲ್ಲಿ ಬೋಟು 300 ಮೀಟರ್ ದೂರ ಇರ್ಬೇಕು ಅಂದ್ರು. ನಮ್ಮಲ್ಲೂ ಇಷ್ಟೇ ಬೋಟು ಅಂತ ಮಿತಿ ಹಾಕಿ, ಒಂದು ಗುಂಪಿನ ಹತ್ರ ಒಂದೇ ಬೋಟು, ಮರಿ ಇದ್ರೆ ವಾಪಸ್ ಅಂತ ರೂಲ್ ಮಾಡಿ, ಪಾಲಿಸದವರ ಲೈಸೆನ್ಸ್ ಕಿತ್ಕೊಳ್ಳಿ.

ಮತ್ತೆ ಅಟ್ಟಿಸೋದು ಯಾರಿಗೋಸ್ಕರ? "ಡಾಲ್ಫಿನ್ ಕಾಣ್ಲಿಲ್ಲಾಂದ್ರೆ ದುಡ್ಡಿಲ್ಲ" ಅನ್ನೋ ಮಾತಿನ ಮೇಲೆ ಟ್ರಿಪ್ ಹೊರಟ್ರೆ ಅವನು ಅಟ್ಟಿಸಲೇಬೇಕು. ಕಂಡ್ರೂ ಕಾಣದಿದ್ರೂ ಪೂರ್ತಿ ದುಡ್ಡು ಅಂತ ದಡದಲ್ಲೇ ಹೇಳಿ. ನೀರಲ್ಲಿ ಬೆನ್ನು ಕಂಡಾಗ "ಅಣ್ಣಾ, ನ್ಯೂಟ್ರಲ್‌ಗೆ ಹಾಕಿ, ಕಾಯೋಣ" ಅನ್ನಿ.