ಕ್ಲಿಪ್ಪುಗಳ ಕುಂತಿಬೆಟ್ಟ ಪ್ರವಾಸ

ಇವತ್ತು ಬೆಳಿಗ್ಗೆ ಬಟ್ಟೆ ಒಣಹಾಕೋಕೆ ಮಹಡಿಗೆ ಹೋದರೆ ಬುಟ್ಟಿಯಲ್ಲಿ ಒಂದೇ ಒಂದು ಕ್ಲಿಪ್ಪಿಲ್ಲ. ಆಷಾಢದ ಗಾಳಿ ಬೇರೆ. ಮೈಸೂರಿನ ಈ ಗಾಳಿ ನಿಮಗೂ ಗೊತ್ತಲ್ವಾ? ಮಾವನವರ ಪಂಚೆ ಈಗ ಪಕ್ಕದ ಮನೆ ನುಗ್ಗೆ ಮರದಲ್ಲಿದೆ.

ಕ್ಲಿಪ್ಪೆಲ್ಲ ಕಾರಿನ ಡಿಕ್ಕಿಯಲ್ಲಿವೆ, ನಮ್ಮ ಯಜಮಾನರ ಕ್ಯಾಂಪಿಂಗ್ ಬ್ಯಾಗಿನೊಳಗೆ. ಹೋದ ತಿಂಗಳು ಪಾಂಡವಪುರದ ಕುಂತಿಬೆಟ್ಟದ ಹತ್ತಿರ ಇವರ ಸ್ನೇಹಿತರ ತೋಟದಲ್ಲಿ ಟೆಂಟ್ ಹಾಕಿದ್ದೆವು. "ಕ್ಯಾಂಪಿಂಗ್ ಸಾಮಾನು ದುಡ್ಡು ಕೊಟ್ಟು ಯಾಕೆ ತಗೋಬೇಕು? ಎಲ್ಲಾ ಮನೇಲೇ ಇದೆ" ಅನ್ನೋದು ಇವರ ವಾದ. ಇತ್ತು, ನಿಜ.

ಮಾವನವರ ವಾರದ ಮಾತ್ರೆ ಡಬ್ಬಿ ಮಸಾಲೆ ಡಬ್ಬಿಯಾಯಿತು. ಸೋಮವಾರದ ಖಾನೆಗೆ ಉಪ್ಪು, ಮಂಗಳವಾರಕ್ಕೆ ಖಾರದ ಪುಡಿ, ಬುಧವಾರಕ್ಕೆ ಜೀರಿಗೆ. ಬುಧವಾರದ ಬಿಪಿ ಮಾತ್ರೆ ಇವತ್ತಿಗೂ ಘಮ್ಮಂತಿದೆಯಂತೆ. ದೇವರ ಮನೆಯ ಕರ್ಪೂರ ಒಲೆ ಹಚ್ಚೋಕೆ ಹೋಯಿತು. ಅದು ಮಾತ್ರ ಚೆನ್ನಾಗಿ ಕೆಲಸ ಮಾಡಿತು, ಒಪ್ಪಬೇಕು. ಹಸಿ ಸೌದೆಯೂ ಹತ್ತಿಕೊಂಡಿತು.

ಆದರೆ ಆ ಲಾಟೀನು! ಮೊಬೈಲಿನ ಟಾರ್ಚ್ ಹಾಕಿ, ಮೇಲೆ ಎರಡು ಲೀಟರಿನ ನೀರಿನ ಬಾಟಲಿ ಇಟ್ಟರೆ ಬೆಳಕು ಸುತ್ತಲೂ ಹರಡುತ್ತದೆ. ಸುಳ್ಳಲ್ಲ, ಟೆಂಟೆಲ್ಲ ಹಾಲು ಚೆಲ್ಲಿದ ಹಾಗೆ ಬೆಳಗಿತು. ಬಾಟಲಿಯ ಮುಚ್ಚಳ ಯಾವತ್ತೋ ಕಳೆದಿತ್ತು. "ನೀರು ನೀರೇ ತಾನೆ, ಮುಚ್ಚಳ ಯಾಕೆ?" ಅಂದರು. ಇವರು ಬೆಳಕಿನ ವಿಜ್ಞಾನ ವಿವರಿಸುತ್ತಿರುವಾಗಲೇ ಲಾಟೀನು ಗುರ್ ಅಂತು. ಫೋನು ವೈಬ್ರೇಷನ್ನಿನಲ್ಲಿತ್ತು. ಬಾಟಲಿ ಮೆಲ್ಲಗೆ ನಡುಗಿತು, ಅಂಚಿಗೆ ಸರಿಯಿತು. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತೆವು. ಇನ್ನೊಂದು ಗುರ್. ಅಷ್ಟೂ ನೀರು ಹಾಸಿಗೆಗೆ. ಕತ್ತಲಲ್ಲಿ ತಡಕಾಡಿ ಫೋನೆತ್ತಿದರೆ ನಮ್ಮತ್ತೆ, "ಊಟ ಆಯ್ತೇನಪ್ಪಾ?"

ಒದ್ದೆ ಬೆಡ್‌ಶೀಟನ್ನು ಟೆಂಟಿನ ಹಗ್ಗಕ್ಕೆ ಹಾಕಿ ನನ್ನ ಕ್ಲಿಪ್ಪುಗಳನ್ನೇ ಸಿಕ್ಕಿಸುತ್ತಾ ಇವರು ಹೇಳಿದ್ದು: "ನೋಡಿದ್ಯಾ? ತಂದಿದ್ದು ಎಷ್ಟು ಒಳ್ಳೇದಾಯ್ತು!"

ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಹೈದರಾಲಿ, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಅವರ ಹೆಂಡತಿಯರೂ ಮನೆಯಲ್ಲಿ ಸೌಟು ಹುಡುಕಿ ಹುಡುಕಿ ಸಾಕಾಗಿರಬೇಕು.

ನಮ್ಮಮ್ಮನೂ ಹೀಗೇ ಮಾಡುತ್ತಿದ್ದಳು. ವೈರಮುಡಿಗೆ ಮೇಲುಕೋಟೆಗೆ ಹೊರಟರೆ ಒಂದು ಹಳೇ ಸೀರೆ ಸಾಕು. ಹೋಗುವಾಗ ಬುತ್ತಿಯ ಗಂಟು, ಕಲ್ಯಾಣಿಯಲ್ಲಿ ಮಿಂದ ಮೇಲೆ ಬಟ್ಟೆ ಬದಲಿಸೋಕೆ ಮರೆ, ರಾತ್ರಿ ಮಂಟಪದಲ್ಲಿ ನಾವು ಮಕ್ಕಳೆಲ್ಲ ಒತ್ತಿಕೊಂಡು ಮಲಗೋಕೆ ಹೊದಿಕೆ. ಅದಕ್ಕೆ ಅವಲಕ್ಕಿ, ಹೊಗೆ, ಅಮ್ಮನ ಮೈ ಎಲ್ಲದರ ವಾಸನೆ ಇರುತ್ತಿತ್ತು. ಊರಿಗೆ ಬಂದ ಮಾರನೇ ದಿನವೇ ಒಗೆದು, ಮಡಿಸಿ, ವಾಪಸ್ ಟ್ರಂಕಿಗೆ.

ಈ ಕಥೆಯನ್ನು ಇವರಿಗೆ ಹೇಳಿದೆ. "ವಾಪಸ್ ಟ್ರಂಕಿಗೆ" ಅನ್ನೋದನ್ನು ಒತ್ತಿ ಒತ್ತಿ ಹೇಳಿದೆ.

"ಆ ಸೀರೆ ಈಗ ಎಲ್ಲಿದೆ? ಮುಂದಿನ ಸಲಕ್ಕೆ ಬೇಕಾಗುತ್ತೆ" ಅಂದರು.